ಮಂಜಲ್‌ಪುರದ ಗಿರಿಜಾ ಮತ್ತು ಕಲ್ಲೊಳಗಿನ ನೀರು

ಮಂಗಲ್‌ಭಾಯಿಯ ಏಳು ತಿಂಗಳ ಕೂಲಿ ಇನ್ನೂ ಬಾಕಿ ಇದೆ. ಆಸಾಮಿ ಈಗ ಇಲ್ಲ. ಖಂಭಾತದಲ್ಲಿ ಅಕೀಕು ಎಂಬ ಹರಳುಗಲ್ಲಿಗೆ ಸಾಣೆ ಹಿಡಿದು ಹಿಡಿದು, ಕಲ್ಲಿನ ಹುಡಿ ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ ಸತ್ತ. ಆಳು ಸತ್ತರೆ ಕೂಲಿ ಸಾಯುವುದಿಲ್ಲ. ಕೊಡಬೇಕಾದ ಸೇಠ್ ಗುಂಡುಕಲ್ಲಿನ ಹಾಗಿದ್ದಾನೆ. ಅಹಮದಾಬಾದಿನ ವಸ್ತ್ರಾಪುರದಲ್ಲಿ ಗಾಜಿನ ಬಾಗಿಲಿನ ಅಂಗಡಿ ಇಟ್ಟುಕೊಂಡು ಹರಳು, ಜಪಮಾಲೆ, ಕಲ್ಲಿನ ಗಣಪತಿ ಮಾರುತ್ತಾನೆ. ಈ ಬಾಕಿಯ ಸಂಗತಿ ವಡೋದರಾದ ಮಂಜಲ್‌ಪುರದಲ್ಲಿ ಮೊಬೈಲು ಹಿಡಿದು ಕೂತಿದ್ದ ಗಿರಿಜಾಳ ಮಡಿಲಿಗೆ ಬಂದು ಬಿದ್ದದ್ದು ಹೇಗೆ ಎಂಬುದನ್ನು ಹೇಳಬೇಕು.

ಗಿರಿಜಾ ತುಮಕೂರಿನ ಕಡೆಯವಳು. ಗಂಡ ಪಟ್ಟಾಭಿರಾಮನಿಗೆ ರೈಲ್ವೆಯಲ್ಲಿ ಗುಮಾಸ್ತಿಕೆ. ಇಲಾಖೆ ಎತ್ತಿ ವಡೋದರಕ್ಕೆ ಹಾಕಿತು. ಬಂದರು, ಒಂದು ಫ್ಲ್ಯಾಟು ಕೊಂಡರು, ನಿವೃತ್ತಿಯಾದ ಮೇಲೂ ಅಲ್ಲೇ ಬೇರು ಬಿಟ್ಟರು. ಇಷ್ಟು ವರ್ಷದಲ್ಲಿ ಗಿರಿಜಾಗೆ ಬಂದ ಗುಜರಾತಿ ತರಕಾರಿ ಗಾಡಿಯವನ ಜೊತೆ ಜಗಳವಾಡುವಷ್ಟು. ಅಷ್ಟು ಬಂದರೆ ಎಲ್ಲ ಬಂದ ಹಾಗೆ. ಚೌಕಾಸಿ ಅವಳಿಗೆ ಹುಟ್ಟುಗುಣ. ಕೊತ್ತಂಬರಿ ಸೊಪ್ಪು ಪುಕ್ಕಟೆ ಹಾಕದವನ ಹತ್ತಿರ ಬದನೆಕಾಯಿ ಕೊಳ್ಳಬಾರದು ಅನ್ನುವುದು ಅವಳು ಜೀವನದಲ್ಲಿ ಕಂಡುಕೊಂಡ ಸಿದ್ಧಾಂತ.

ಇಂಥವಳ ಕೈಗೆ ಆನ್‌ಲೈನ್ ಹರಾಜು ಸಿಕ್ಕಿತು. ಮೊದಲ ದಿನ ಬಾಯಿಬಿಟ್ಟುಕೊಂಡು ನೋಡುತ್ತಾ ಕೂತವಳಿಗೆ ಒಲೆಯ ಮೇಲೆ ಹಾಲು ಉಕ್ಕಿ ಹೋಗಿ ಸೀದ ವಾಸನೆ ಬಂದರೂ ಏಳಲಾಗಲಿಲ್ಲ. ಕಾಠಿಯಾವಾಡದ ಯಾವುದೋ ದರ್ಬಾರಿನ ಬೆಳ್ಳಿ ಅತ್ತರುದಾನಿ. ನವಸಾರಿಯ ಪಾರ್ಸಿ ಮನೆಯ ಗೋಡೆ ಗಡಿಯಾರ. ಸಿಂಹಳದ ನೀಲ, ಬರ್ಮಾದ ಕೆಂಪು, ಹೆಸರೇ ಕೇಳಿರದ ಹರಳುಗಳು. ಸತ್ತವರ ಪೆಟ್ಟಿಗೆಗಳೆಲ್ಲ ಬಾಗಿಲು ತೆರೆದು ತನ್ನ ಅಂಗೈಯೊಳಗೆ ಬಂದು ಕೂತಂತೆ ಅವಳಿಗೆ ಕಂಡಿತು. ಹುಟ್ಟಿದಾರಭ್ಯ ಮೂಗಿನ ಬೇಸರಿಯ ಏಳು ಹರಳು ಬಿಟ್ಟು ಬೇರೆ ಕಲ್ಲು ಮುಟ್ಟದ ಹೆಂಗಸು, ಬೆರಳಿನಿಂದ ಗಾಜು ಉಜ್ಜಿ ಉಜ್ಜಿ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದಳು.

ಬೇಗ ಪಳಗಿದಳು. ಒಳ್ಳೆಯ ಫೋಟೋ, ಒಳ್ಳೆಯ ವಿವರ ಇರುವ ಕಡೆ ಅವಳು ಕೈ ಹಾಕುತ್ತಿರಲಿಲ್ಲ. ಅಲ್ಲಿ ಬಲ್ಲವರು ಕಾದಿರುತ್ತಾರೆ. ಮಸುಕು ಫೋಟೋ ಬೇಕು. 'ಅಜ್ಜಿಯ ಡಬ್ಬಿ, ಒಳಗೆ ಏನೇನೋ ಇದೆ' ಅಂತ ಬರೆದಿರಬೇಕು. ಮಾರುವವನಿಗೆ ಗೊತ್ತಿಲ್ಲದ್ದೇ ಕೊಳ್ಳುವವಳ ಗಂಟು. ಮಧ್ಯಾಹ್ನದ ಊಟವಾಗಿ ಪಟ್ಟಾಭಿರಾಮ ಗೊರಕೆ ಹೊಡೆಯುವ ಹೊತ್ತಿಗೆ, ಹರಾಜು ಮುಗಿಯಲು ಉಸಿರು ಬಿಡುವಷ್ಟು ಸಮಯ ಉಳಿದಾಗ, ಬೆರಳು ಒತ್ತುತ್ತಿದ್ದಳು. ಮುರಿದ ಪದಕವೊಂದರಲ್ಲಿ ನಿಜವಾದ ನೀಲ ಸಿಕ್ಕಿತು. ಮಾಣಿಕ್ಯವೆಂದು ಬಂದದ್ದು ಬಳೆಯ ಗಾಜಾಗಿತ್ತು. ಗೆದ್ದದ್ದನ್ನು ಕೇರಿಗೆಲ್ಲ ಹೇಳಿದಳು, ಸೋತದ್ದನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು.

"ಏನೇ, ಇವತ್ತು ಯಾರ ಮನೆ ದೋಚ್ತಿದೀಯ?" ಅಂತ ಪಟ್ಟಾಭಿರಾಮ ಎದ್ದವನೇ ಕೇಳುತ್ತಿದ್ದ.

"ದೋಚೋದಲ್ಲಾರೀ, ಉಳಿಸೋದು. ನಾನು ತಗೊಳ್ಳದೇ ಇದ್ರೆ ಗುಜರಿಗೆ ಹೋಗುತ್ತೆ."

"ಈಗ ನಮ್ಮನೇಗೂ ಗುಜರಿಗೂ ಏನು ವ್ಯತ್ಯಾಸ ಉಳಿದಿದೆ ಹೇಳು. ಕಾಫಿ ಲೋಟ ಹುಡುಕೋಕೆ ಹೋದ್ರೆ ನವಾಬನ ಪೀಕದಾನಿ ಸಿಗುತ್ತೆ."

ಬಂದ ಸಾಮಾನು ನೇರವಾಗಿ ಒಳಗೆ ಬರುವಂತಿರಲಿಲ್ಲ. ಪೊಟ್ಟಣ ಬಾಗಿಲಲ್ಲೇ ಬಿಚ್ಚಬೇಕು, ಸಾಮಾನು ಬಚ್ಚಲಿಗೆ ಹೋಗಬೇಕು, ಅದರ ಮೇಲೆ ಕೊತಕೊತ ಕುದಿಯುವ ನೀರು ಬೀಳಬೇಕು. ಅತ್ತೆ ಇದ್ದಾಗ ಇದಕ್ಕೆ ಮಡಿ ಅನ್ನುತ್ತಿದ್ದರು. ಅತ್ತೆ ಹೋದ ಮೇಲೆ ಗಿರಿಜಾ ಮಡಿ ಬಿಟ್ಟಳು, ಬಿಸಿನೀರು ಬಿಡಲಿಲ್ಲ. ಯಾರು ಕೇಳಿದರೂ "ಕ್ರಿಮಿ ಸಾಯಲಿ ಅಂತ" ಅನ್ನುತ್ತಿದ್ದಳು. ಅಂಗಡಿಯಿಂದ ಬಂದ ಹೊಸ ಕುಕ್ಕರಿಗೆ ತಣ್ಣೀರು ಸಾಕಾಗುತ್ತಿತ್ತು. ಯಾರ ಮನೆಯದೋ ಗೊತ್ತಿಲ್ಲದ ಹಳೇ ಚೊಂಬಿಗೆ ಮಾತ್ರ ಕುದಿಯುವ ನೀರೇ ಬೇಕಿತ್ತು. ಯಾವ ಕ್ರಿಮಿ ಅಂತ ಅವಳೂ ಯೋಚಿಸಲಿಲ್ಲ. ಮೇಲಾಗಿ ಒಂದು ಸಲ ಪಚ್ಚೆಯೆಂದು ಬಂದ ಹರಳು ಬಿಸಿನೀರಿಗೆ ಹಸಿರು ಬಣ್ಣ ಬಿಟ್ಟು ತನ್ನ ಬಂಡವಾಳ ಬಯಲು ಮಾಡಿಕೊಂಡಿತ್ತು. ಅಂದಿನಿಂದ ಬಿಸಿನೀರಿಗೆ ಪೂಜೆಯ ತೀರ್ಥದಷ್ಟು ಮರ್ಯಾದೆ.

ಒಂದು ಮಧ್ಯಾಹ್ನ ಅವಳ ಕಣ್ಣಿಗೆ ಬಿದ್ದದ್ದು: 'ಎರಡು ಹಳೆ ಕಲ್ಲು. ಕಾಗದ ಹಾರದಂತೆ ಇಡಬಹುದು. ಅಲ್ಲಾಡಿಸಿದರೆ ಶಬ್ದ ಬರುತ್ತದೆ.' ಮಾರುವವರು ಸೂರತ್ತಿನವರು. ಫೋಟೋ ಎಷ್ಟು ಮಸುಕೆಂದರೆ ಆಲೂಗಡ್ಡೆ ಅಂದರೂ ನಂಬಬಹುದು. ಒಂಬೈನೂರು ರೂಪಾಯಿಗೆ ಹಿಡಿದಳು. ಎದುರು ಸವಾಲು ಹಾಕಿದವರೇ ಇರಲಿಲ್ಲ.

ಪೊಟ್ಟಣ ಬಂತು. ಹಳೇ ಸೀರೆಯ ಚೂರಿನಲ್ಲಿ ಸುತ್ತಿದ ಎರಡು ಬೂದು ಕಲ್ಲು, ಮುಷ್ಟಿಯಷ್ಟು, ಮೈ ನುಣ್ಣಗೆ. ಸೀರೆಯ ಚೂರಿಗೆ ಎಣ್ಣೆ, ಹೊಗೆ, ಬೇರೆಯವರ ಅಡುಗೆಮನೆಯ ವಾಸನೆ ಇತ್ತು. ಅದನ್ನು ಕಡ್ಡಿಯಲ್ಲಿ ಎತ್ತಿ ಹೊರಗೆ ಹಾಕಿ, ಕಲ್ಲನ್ನು ಬಚ್ಚಲಲ್ಲಿಟ್ಟು ನೀರು ಹುಯ್ದಳು.

ಟಿಕ್ ಅಂತ ಸದ್ದಾಯಿತು. ಸಣ್ಣ ಸದ್ದು, ಹೂಜಿ ಬಿರುಕು ಬಿಟ್ಟಾಗ ಬರುವಂಥದು. ಮೇಲಿದ್ದ ಕಲ್ಲಿನ ಮೈಮೇಲೆ ಕೂದಲೆಳೆಯಷ್ಟು ಗೆರೆ. ಸುರಿದ ನೀರೆಲ್ಲ ಹರಿದು ಹೋದ ಮೇಲೂ ಆ ಗೆರೆಯಿಂದ ಹನಿ ಹನಿ ಒಸರುತ್ತಿತ್ತು. ತಾನು ಹುಯ್ದದ್ದೇ ಒಳಗೆ ಹೋಗಿ ಬರುತ್ತಿದೆ ಎಂದುಕೊಂಡು ಮಸಿಬಟ್ಟೆಯಲ್ಲಿ ಒರೆಸಿದಳು, ಬಟ್ಟೆ ಬಚ್ಚಲಿಗೆ ಹಿಂಡಿದಳು. ಎರಡನೆಯದಕ್ಕೆ ನೀರು ಅಷ್ಟಾಗಿ ತಾಗಿರಲಿಲ್ಲ.

ಆಮೇಲೆ ಮಾಡಿದ್ದನ್ನು ಮುಚ್ಚಿಡುವಂತಿಲ್ಲ. ಬಿರುಕಿನ ಫೋಟೋ ತೆಗೆದು 'ಒಡೆದ ಮಾಲು ಕಳಿಸಿದ್ದಾರೆ' ಎಂದು ಆ್ಯಪಿಗೆ ದೂರು ಕೊಟ್ಟಳು. ಆ್ಯಪು ಒಂಬೈನೂರನ್ನೂ ವಾಪಸ್ ಹಾಕಿತು, ಸಾಮಾನು ಹಿಂದಿರುಗಿಸುವುದು ಬೇಡ ಅಂದಿತು. ಸೂರತ್ತಿನಲ್ಲಿ ಅದು ಯಾರ ಖಾತೆಯಿಂದ ಕಳೆಯಿತು ಎಂದು ಅವಳು ಕೇಳಲಿಲ್ಲ. ಕೇಳುವವರು ಯಾರಿದ್ದಾರೆ? ನೀವು ಕೇಳುತ್ತಿದ್ದಿರಾ?

"ನೋಡಿದ್ರಾ, ಪುಕ್ಕಟೆ!" ಅಂದಳು ಗಂಡನಿಗೆ.

"ಕಲ್ಲು ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ಹಿಗ್ಗೋಳು ನೀನೊಬ್ಬಳೇ. ರೈಲು ಹಳಿ ಪಕ್ಕ ರಾಶಿ ಬಿದ್ದಿರುತ್ತೆ, ಹೇಳಿದ್ರೆ ನಾನೇ ತಂದುಕೊಡ್ತಿದ್ದೆ."

ಉಳಿದ ಒಂದನ್ನಾದರೂ ಮಾರೋಣವೆಂದು ಫೋಟೋ ತೆಗೆಯಲು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪಡುವಣ ಬಿಸಿಲು ನೇರ ಅದರ ಬೆನ್ನಿಗೆ ಬಿತ್ತು. ಬೂದುಕಲ್ಲು ಹೊತ್ತಿಕೊಂಡಿತು. ಒಳಗೆಲ್ಲ ಜೇನಿನ ಬಣ್ಣ, ಅದರ ಸುತ್ತ ಈರುಳ್ಳಿಯ ಪದರದ ಹಾಗೆ ಸುತ್ತು ಸುತ್ತು ಗೆರೆ, ನಟ್ಟ ನಡುವೆ ಒಂದು ಹೊಂಡ. ಹೊಂಡದಲ್ಲಿ ಏನೋ ಹೊಳೆಯಿತು. ಕಲ್ಲನ್ನು ಓರೆ ಮಾಡಿದಳು. ಗಾರೆಯವರ ರಸಮಟ್ಟದ ಗುಳ್ಳೆಯಂತೆ ಒಂದು ಗುಳ್ಳೆ ನಿಧಾನಕ್ಕೆ ಎದ್ದು, ಆ ಕಡೆಯಿಂದ ಈ ಕಡೆಗೆ ನಡೆದು ಬಂತು.

ಗಿರಿಜಾ ಕೈ ಅಲ್ಲಾಡಿಸಲಿಲ್ಲ. ಉಸಿರನ್ನೂ ಬಿಡಲಿಲ್ಲ. ಮತ್ತೆ ಓರೆ ಮಾಡಿದಳು. ಗುಳ್ಳೆ ಹೊರಟಿತು. ಕಿವಿಗೆ ಹಿಡಿದಳು. ಹಸುವಿನ ಹೊಟ್ಟೆಗೆ ಕಿವಿ ಇಟ್ಟರೆ ಕೇಳುವಂಥ ಸದ್ದು, ತೀರ ದೂರದ್ದು. ಎಲ್ಲೂ ತೂತಿಲ್ಲ, ಬಾಗಿಲಿಲ್ಲ, ಬೆಸುಗೆಯಿಲ್ಲ. ಕಲ್ಲಿನೊಳಗೆ ನೀರು.

"ಏನ್ರೀ, ಬನ್ನಿ ಇಲ್ಲಿ! ಬೇಗ ಬನ್ನೀ ಅಂದ್ರೆ!"

ಪಟ್ಟಾಭಿರಾಮ ತಮಾಷೆಗೆ ಸಿದ್ಧನಾಗಿಯೇ ಬಂದ. ನೋಡಿದ, ಓರೆ ಮಾಡಿದ, ಕಿವಿಗಿಟ್ಟ. ತಮಾಷೆ ಮರೆತೇ ಹೋಯಿತು. ಕುರ್ಚಿ ಎಳೆದುಕೊಂಡು ಕೂತ. ಬಿಸಿಲು ಇಳಿದು ಕಲ್ಲು ಮತ್ತೆ ಬೂದು ಬಣ್ಣಕ್ಕೆ ತಿರುಗುವ ತನಕ ಗಂಡಹೆಂಡಿರು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿದರು. ಸಂಜೆಯ ಕಾಫಿ ಆಗಲೇ ಇಲ್ಲ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದ ದಿವಾಕರ ಎಂಬವನು ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕಲ್ಲಿನ ವಯಸ್ಸು ಲೆಕ್ಕ ಹಾಕುವ ಕೆಲಸದಲ್ಲಿದ್ದ. ಗಿರಿಜಾಳ ಹರಳುಗಳನ್ನೆಲ್ಲ ಅವನೇ ನೋಡಿ ಹೇಳುತ್ತಿದ್ದದ್ದು. ವಸ್ತ್ರಾಪುರದ ಅವನ ಮನೆಗೆ ಗಿರಿಜಾ ಕಲ್ಲನ್ನು ಹೊತ್ತುಕೊಂಡು ಹೋದಳು, ಬಸ್ಸಿನಲ್ಲಿ ಅದನ್ನು ಮಡಿಲಿನಿಂದ ಕೆಳಗಿಡದೆ.

ದಿವಾಕರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ಬಹಳ ಹೊತ್ತು ಎತ್ತಲಿಲ್ಲ.

"ಅತ್ತಿಗೇ, ಇದನ್ನ ಎಲ್ಲಿ ಹಿಡಿದ್ರಿ?"

"ಹರಾಜಲ್ಲಿ. ಬೆಲೆ ಕೇಳಬೇಡ, ನಿಂಗೆ ಹೊಟ್ಟೆ ಉರಿಯುತ್ತೆ."

"ಬೆಲೆ ಆಮೇಲೆ. ಇಲ್ಲಿ ನೋಡಿ." ಅವನ ದನಿ ಇಳಿದಿತ್ತು. "ಈ ನೆಲವೆಲ್ಲ ಒಂದು ಕಾಲಕ್ಕೆ ಬೆಂಕಿ ಹರಿದು ಆರಿದ್ದು. ಆರಿದಾಗ ಅದರಲ್ಲಿ ಗುಳ್ಳೆ ಉಳೀತು, ದೋಸೇಲಿ ಉಳಿಯುತ್ತಲ್ಲ ಹಾಗೆ. ಆ ಗುಳ್ಳೆಯೊಳಗೆ ನೀರು ಜಿನುಗ್ತಾ, ಪದರದ ಮೇಲೆ ಪದರ ಕಟ್ಟಿ ಕಲ್ಲಾಯ್ತು. ಕಲ್ಲು ಬಾಯಿ ಮುಚ್ಚಿಕೊಂಡಾಗ ನೀರು ಒಳಗೇ ಸಿಕ್ಕಿಹಾಕ್ಕೊಂಡ್ತು. ಇಷ್ಟು ದೊಡ್ಡ ಹೊಂಡ, ಇಷ್ಟು ತಿಳಿ ನೀರು, ನಾನು ಪುಸ್ತಕದಲ್ಲಿ ನೋಡಿದ್ದೇ ಹೊರತು ಕೈಯಲ್ಲಿ ಹಿಡಿದಿಲ್ಲ."

"ಯಾವ ಕಾಲದ ನೀರು?"

"ಇಂಥ ದಿನದ್ದು ಅಂತ ಹೇಳೋಕಾಗಲ್ಲ. ಕೋಟಿಗಟ್ಟಲೆ ವರ್ಷದ್ದಿರಬಹುದು. ಮನುಷ್ಯ ಅನ್ನೋ ಪ್ರಾಣಿ ಆಗ ಹುಟ್ಟಿರಲಿಲ್ಲ. ಹೆಸರಿಡೋಕೆ ಯಾರೂ ಇಲ್ಲದಾಗ ಬಿದ್ದ ಮಳೆ, ಅತ್ತಿಗೇ."

ಗಿರಿಜಾ ಕಣ್ಣಿಟ್ಟಳು. ಗುಳ್ಳೆಯ ಅಂಚಿನಲ್ಲಿ ಬೆಳಕು ನಡುಗುತ್ತಿತ್ತು. ಹೊಂಡದ ಗೋಡೆಯ ತುಂಬ ಕಲ್ಲುಸಕ್ಕರೆಯಂಥ ಹರಳು ಹಲ್ಲು ಕಚ್ಚಿಕೊಂಡು ಕೂತಿತ್ತು. ಯಾರೂ ನೋಡಲೆಂದು ಆದದ್ದಲ್ಲ ಅದು. ಯಾರೂ ನೋಡದೆ, ಕತ್ತಲಲ್ಲಿ, ಅಷ್ಟು ಕಾಲ, ಅಷ್ಟು ಅಚ್ಚುಕಟ್ಟಾಗಿ. ಆಗ ಅವಳು ಮೆಲ್ಲಗೆ ಕೇಳಿದಳು: "ಇದರ ಮೇಲೆ ಬಿಸಿನೀರು ಹುಯ್ದರೆ?"

"ಯಾರಾದ್ರೂ ಹುಯ್ತಾರಾ? ಒಡೆದು ಹೋಗುತ್ತೆ."

ಇನ್ನೊಂದು ಕಲ್ಲಿನ ಮಾತನ್ನು ಅವಳು ಎತ್ತಲಿಲ್ಲ. ಹೆಸರಿಲ್ಲದ ಮಳೆಯನ್ನು ಮಸಿಬಟ್ಟೆಯಲ್ಲಿ ಒರೆಸಿ ಬಚ್ಚಲಿಗೆ ಹಿಂಡಿದ್ದಳಲ್ಲ, ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಸರಿಯಾದ ಹರಾಜಿಗೆ ಹೋದರೆ ಲಕ್ಷ ದಾಟಿದರೂ ದಾಟೀತು" ಅಂದ ದಿವಾಕರ.

ಬೆರಗು ಎಷ್ಟೇ ದೊಡ್ಡದಿರಲಿ, ಲಕ್ಷ ಅನ್ನುವ ಮಾತು ಬಿದ್ದ ಕೂಡಲೇ ಬೇಟೆಗಾರ್ತಿ ಎದ್ದು ಕೂತಳು. ಮಾರಿದವರ ಹತ್ತಿರ ಇಂಥವು ಇನ್ನೂ ಇದ್ದರೆ? ಅವರಿಗೆ ಗೊತ್ತಾಗುವ ಮುಂಚೆ ಹೋಗಬೇಕು. ಪೊಟ್ಟಣದ ಮೇಲೆ ವಿಳಾಸ ಇತ್ತು. ಬ್ಯಾಂಕಿನಿಂದ ಹಣ ತೆಗೆದು, ತೋರಿಸಿ ಕೇಳಲು ಬೇಕೆಂದು ಎರಡೂ ಕಲ್ಲನ್ನು ಚೀಲಕ್ಕೆ ಹಾಕಿ, ಬೆಳಗಿನ ರೈಲಿಗೆ ಸೂರತ್ತಿಗೆ ಹೊರಟಳು. ಅವಳು ನ್ಯಾಯ ಸಲ್ಲಿಸಲು ಹೋದಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೂರತ್ತಿನ ವರಾಛಾ ಬಡಾವಣೆಯ ಹಿಂದಿನ ಗಲ್ಲಿಯಲ್ಲಿ, ವಜ್ರ ಉಜ್ಜುವವರ ಒಂದೊಂದೇ ಕೋಣೆಯ ಮನೆಗಳ ಸಾಲಿನಲ್ಲಿ, ಬಾಗಿಲು ತೆರೆದವಳು ರತನ್‌ಬೆನ್, ಮಂಗಲ್‌ಭಾಯಿಯ ಹೆಂಡತಿ, ಅವನು ಹೋದ ಮೇಲೆ ಮಗಳ ಜೊತೆ ಖಂಭಾತ ಬಿಟ್ಟು ಬಂದವಳು. ಗಿರಿಜಾಳ ವಯಸ್ಸಿನವಳೇ. ಮಗಳು ವಜ್ರದ ಕಾರ್ಖಾನೆಗೆ ಹೋಗಿದ್ದಳು. ಮೊಬೈಲಿನಲ್ಲಿ ಕಲ್ಲನ್ನು ಹರಾಜಿಗೆ ಹಾಕಿದ್ದು ಆ ಮಗಳು.

"ಒಡೆದ ಮಾಲು ಅಂತ ದೂರು ಕೊಟ್ಟವಳು ನೀನೇನಾ ಬೆನ್?" ಅಂದಳು ರತನ್‌ಬೆನ್, ಕಲ್ಲು ಕೊಂಡವಳು ತಾನು ಎಂದು ಗಿರಿಜಾ ಹೇಳಿದ ಕೂಡಲೇ, ಒಳಗೆ ಬಾ ಅನ್ನುವ ಮೊದಲು. "ನಾನು ಕಳಿಸಿದಾಗ ಎರಡೂ ನೆಟ್ಟಗಿತ್ತು. ನನ್ನ ಕೈಯಾರೆ ಸುತ್ತಿದ್ದೆ, ನನ್ನ ಸೀರೆ ಹರಿದು."

ಗಿರಿಜಾ ತರಕಾರಿ ಗಾಡಿಯ ಗುಜರಾತಿಯಲ್ಲಿ ತಡವರಿಸಿದಳು. ಚೌಕಾಸಿಗೆ ಕಲಿತ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳಲು ಪದವೇ ಇರಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದಳು: "ಬಿಸಿನೀರು ಹುಯ್ದೆ. ಒಡೆಯಿತು."

"ಬಿಸಿನೀರು ಯಾಕೆ?"

"ತೊಳೆಯೋಕೆ."

ರತನ್‌ಬೆನ್ ಅವಳನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. "ನಮ್ಮ ಕೈ ಮುಟ್ಟಿದ್ದು ಅಂತಲಾ?"

ಕ್ರಿಮಿ ಅನ್ನುವ ಮಾತು ಗಿರಿಜಾಳ ಗಂಟಲವರೆಗೆ ಬಂತು. ಅಲ್ಲೇ ನಿಂತಿತು.

ರತನ್‌ಬೆನ್ ಬಾಗಿಲಿನಿಂದ ಸರಿದಳು. ಸ್ಟೀಲು ಲೋಟದಲ್ಲಿ ನೀರು ತಂದು ಮುಂದೆ ಹಿಡಿದು, ಕುಡಿಯುತ್ತಾಳೋ ಇಲ್ಲವೋ ಎಂದು ನೋಡುತ್ತಾ ನಿಂತಳು. ಗಿರಿಜಾ ಕುಡಿದಳು. ಅದನ್ನು ಪುಣ್ಯದ ಲೆಕ್ಕಕ್ಕೆ ಬರೆಯಬೇಕಾಗಿಲ್ಲ. ಬಿಸಿಲಲ್ಲಿ ನಡೆದು ಬಂದಿದ್ದಳು, ಬಾಯಾರಿತ್ತು.

"ಇದು ಸೇಠ್ ಕೊಟ್ಟ ಕಲ್ಲು" ಅಂದಳು ರತನ್‌ಬೆನ್, ಕೂತ ಮೇಲೆ. "ನಮ್ಮವರು ಕೆಮ್ಮಿ ಕೆಲಸ ಬಿಟ್ಟಾಗ ಏಳು ತಿಂಗಳ ಕೂಲಿ ಬರಬೇಕಿತ್ತು. ಕೇಳೋಕೆ ಹೋದರೆ ಈ ಎರಡನ್ನ ಕೈಗೆ ಹಾಕಿದ. ಶಬ್ದ ಮಾಡುವ ಕಲ್ಲು, ಮಾರಾಟವಾಗದ ಮಾಲು. 'ತಗೋ, ಲೆಕ್ಕ ಚುಕ್ತಾ' ಅಂದ. ನಮ್ಮವರು ತಂದರು, ಆದರೆ ಮಾರಲಿಲ್ಲ. ಔಷಧಿಗೆ ಕಾಸಿಲ್ಲದಾಗಲೂ ಮಾರಲಿಲ್ಲ. 'ಮಾರಿದರೆ ಕೂಲಿ ತಗೊಂಡ ಹಾಗೆ, ರತನ್. ಮಾರದೆ ಇಟ್ಟರೆ ಅವನು ಸಾಯೋ ತನಕ ನಮ್ಮ ಸಾಲಗಾರ' ಅನ್ನೋರು. ಕಿವಿಗೆ ಇಟ್ಟುಕೊಂಡು ಮಲಗೋರು. ಅವರ ಎದೆಯಲ್ಲಿ ಗೊರಗೊರ, ಕಲ್ಲಲ್ಲಿ ಗುಳುಗುಳು. ನಾನು ನಗ್ತಿದ್ದೆ."

"ಮತ್ತೆ ನೀವು?"

"ಮಗಳ ಕಾರ್ಖಾನೆ ಎರಡು ತಿಂಗಳು ಮುಚ್ಚಿತ್ತು. ಬಾಡಿಗೆಯವನಿಗೆ ನಮ್ಮವರ ಮಾತು ಅರ್ಥವಾಗುತ್ತಾ? ಮಾರಿದೆ. ಒಂಬೈನೂರು ಬಂತು. ನಿನ್ನ ದೂರಿಗೆ ಅದೂ ಹೋಯ್ತು."

ಗಿರಿಜಾಳ ಚೀಲದಲ್ಲಿ ಕಲ್ಲೂ ಇತ್ತು, ಹಣವೂ ಇತ್ತು. ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಲಕ್ಷದ ಕಲ್ಲು ಅವಳದು. ಕಾನೂನು ಅವಳ ಕಡೆಗೇ ಇತ್ತು. ಅವಳು ಈ ತನಕ ಬಡಿದಾಡಿದ ಹರಾಜಿನಲ್ಲೆಲ್ಲ ಒಂದೇ ಪ್ರಶ್ನೆ, ಎಷ್ಟಕ್ಕೆ ಬಿಡುತ್ತಾರೆ ಎಂಬುದು. ಎಷ್ಟಕ್ಕೂ ಬಿಡದೆ ಸತ್ತವನೊಬ್ಬ ಇದ್ದ ಅನ್ನುವುದು ಅವಳ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕಿಂತ ಇದು ಕಮ್ಮಿಯದಲ್ಲ ಅನ್ನಿಸಿತು. ಅಷ್ಟು ಕಾಲ ನೀರನ್ನು ಹಿಡಿದ ಕಲ್ಲು ಒಂದು. ಕೆಮ್ಮುತ್ತಾ ಕೂಲಿಯನ್ನು ಹಿಡಿದ ಮನುಷ್ಯ ಇನ್ನೊಂದು.

ಎರಡೂ ಕಲ್ಲನ್ನು ತೆಗೆದು, ವಾಪಸ್ ಇಟ್ಟುಕೊಳ್ಳಿ ಎಂದು ಚಾಪೆಯ ಮೇಲಿಟ್ಟಳು. ಮೊಬೈಲಿನ ದೀಪ ಹೊತ್ತಿಸಿ ಒಡೆಯದ ಕಲ್ಲಿನ ಕೆಳಗೆ ಹಿಡಿದಳು. ಜೇನು ಹೊತ್ತಿಕೊಂಡಿತು. ಗುಳ್ಳೆ ನಡೆಯಿತು.

ರತನ್‌ಬೆನ್ ಸದ್ದನ್ನು ಕೇಳಿದ್ದಳೇ ಹೊರತು ನೀರನ್ನು ಕಂಡಿರಲಿಲ್ಲ. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಗಿರಿಜಾ ದಿವಾಕರ ಹೇಳಿದ್ದನ್ನೆಲ್ಲ ಹೇಳಿದಳು. ಬೆಂಕಿ ಹರಿದದ್ದು, ದೋಸೆಯ ಗುಳ್ಳೆಗೆ ಗುಜರಾತಿಯಲ್ಲಿ ಮಾತು ಸಿಗದೆ ಢೋಕಳೆಯ ತೂತು, ಯಾರೂ ಇಲ್ಲದಾಗಿನ ಮಳೆ. ಕೊನೆಗೆ ಲಕ್ಷದ ಮಾತನ್ನೂ ಹೇಳಿದಳು. ಅದನ್ನು ಹೇಳುವಾಗ ನಾಲಿಗೆ ಸ್ವಲ್ಪ ತಡೆಯಿತು, ಆದರೂ ಹೇಳಿದಳು.

"ಎಷ್ಟು?"

"ಲಕ್ಷ. ಇನ್ನೂ ಮೇಲೆ ಹೋದರೂ ಹೋದೀತು."

ರತನ್‌ಬೆನ್ ನಗಲು ಶುರು ಮಾಡಿದಳು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ. "ಸೇಠ್‌ಗೆ ಗೊತ್ತಿರಲಿಲ್ಲ! ಕಸ ಅಂತ ಕೊಟ್ಟ, ಬೆನ್! ಜಿಪುಣ ಜನ್ಮದಲ್ಲಿ ಒಂದೇ ಸಲ ದಾನ ಮಾಡಿದ, ಅದೂ ಗೊತ್ತಿಲ್ಲದೆ!"

"ಮಾರ್ತೀರಾ? ನಾನು ಹರಾಜಿಗೆ ಹಾಕಿಕೊಡ್ತೀನಿ. ಚೆನ್ನಾಗಿ ಫೋಟೋ ತೆಗೆದು."

"ಮಾರ್ತೀನಿ, ಯಾಕೆ ಮಾರಲ್ಲ? ಬಾಡಿಗೆ ಕಟ್ಟೋದು ಬೇಡವಾ? ಆದರೆ ಮೊದಲು ಕೂಲಿ ಬರಲಿ. ಅದು ಕೈಗೆ ಬಂದ ಮಾರನೇ ದಿನ ಕಲ್ಲು ಮಾರ್ತೀನಿ. ಹಿಂದಿನ ದಿನ ಮಾರಿದರೆ ನಮ್ಮವರು ಕನಸಲ್ಲಿ ಬಂದು ಕೆಮ್ತಾರೆ." ಬಿರುಕು ಬಿಟ್ಟ ಕಲ್ಲನ್ನೂ ತನ್ನ ಕಡೆಗೆ ಎಳೆದುಕೊಂಡಳು. "ಇದೂ ಇರಲಿ. ಅವನು ಕೊಟ್ಟದ್ದು ಎರಡು. ಎರಡನ್ನೂ ಅವನ ಮುಂದಿಟ್ಟು ಕೇಳಬೇಕು."

ಗಿರಿಜಾ ಒಂಬೈನೂರನ್ನು ಚಾಪೆಯ ಮೇಲಿಟ್ಟಳು. ರತನ್‌ಬೆನ್ ಎಣಿಸಿ ಸೊಂಟಕ್ಕೆ ಸಿಕ್ಕಿಸಿದಳು. ಉಪಕಾರವಾಯಿತು ಅನ್ನಲಿಲ್ಲ. ಅನ್ನಬೇಕಾದ್ದೂ ಇರಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದ ಹೆಂಡತಿಯನ್ನು ಪಟ್ಟಾಭಿರಾಮ ನೋಡಿದ. "ಎಷ್ಟಕ್ಕೆ ಬಿಟ್ಟುಬಂದೆ?"

"ಏನಕ್ಕೂ ಇಲ್ಲ."

"ಅಯ್ಯೋ, ನಿನಗೆ ಮೈ ಹುಷಾರಿದೆ ತಾನೆ?" ಅಂದವನು, ಕಿಟಕಿಯ ಕಟ್ಟೆಯ ಕಡೆ ನೋಡಿ, "ಇನ್ನೊಂದು ಸಲ ನೋಡಬೇಕು ಅನ್ನಿಸಿತ್ತು ಕಣೇ, ಆ ಗುಳ್ಳೆನ" ಅಂದ.

ಈಗ ತಿಂಗಳಿಗೊಮ್ಮೆ ಸೂರತ್ತಿನ ರೈಲಿನಲ್ಲಿ ರತನ್‌ಬೆನ್, ವಡೋದರಾದಲ್ಲಿ ಅದೇ ಡಬ್ಬಿಗೆ ಹತ್ತಿ ಗಿರಿಜಾ, ಇಬ್ಬರೂ ಅಹಮದಾಬಾದಿಗೆ ಹೋಗುತ್ತಾರೆ. ವಸ್ತ್ರಾಪುರದ ಗಾಜಿನ ಬಾಗಿಲಿನ ಅಂಗಡಿಯ ಮೆಟ್ಟಿಲ ಮೇಲೆ, ಮಧ್ಯೆ ಎರಡು ಕಲ್ಲಿಟ್ಟುಕೊಂಡು ಕೂರುತ್ತಾರೆ. ಸೇಠ್ ಮೊದಲ ಸಲ ಬೈದ. ಎರಡನೇ ಸಲ ಟೀ ಕಳಿಸಿದ. ಟೀ ಕುಡಿದರು, ಏಳಲಿಲ್ಲ. "ಕಲ್ಲು ಕೊಟ್ಟೆನಲ್ಲ" ಅನ್ನುತ್ತಾನೆ. "ಕಲ್ಲು ಇಲ್ಲೇ ಇದೆ, ಕೂಲಿ ಎಲ್ಲಿ?" ಅನ್ನುತ್ತಾಳೆ ರತನ್‌ಬೆನ್. ಗಿರಿಜಾ ಚೌಕಾಸಿಯ ಗುಜರಾತಿಯಲ್ಲಿ ದನಿ ಎತ್ತುತ್ತಾಳೆ, ಒಂದು ರೂಪಾಯಿ ಇಳಿಸುವುದಿಲ್ಲ. ಗಿರಾಕಿಗಳು ಇವರನ್ನು ದಾಟಿಕೊಂಡು ಒಳಗೆ ಹೋಗಿ, ಥಳಥಳಿಸುವ ಸರ ಹಾಕಿಕೊಂಡು, ಮತ್ತೆ ದಾಟಿಕೊಂಡು ಹೊರಗೆ ಬರುತ್ತಾರೆ. ಕೂಲಿ ಇನ್ನೂ ಬಂದಿಲ್ಲ.

ನಿಮ್ಮ ಮನೆಯಲ್ಲೂ ಒಂದು ಹರಳು ಇದೆ. ಬೆರಳಲ್ಲೋ, ಕಿವಿಯಲ್ಲೋ, ದೇವರ ಗೂಡಿನಲ್ಲೋ. ಅದನ್ನು ಎಷ್ಟು ಅಗ್ಗಕ್ಕೆ ಹಿಡಿದಿರಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದೀರಿ. ನಾಳೆ ಅದನ್ನು ತೆಗೆದುಕೊಂಡು, ಕೊಂಡ ಅಂಗಡಿಗೇ ಹೋಗಿ. ಇದನ್ನು ಉಜ್ಜಿದವನ ಹೆಸರೇನು, ಅವನ ಕೂಲಿ ಸಂದಿದೆಯೇ ಎಂದು ಕೇಳಿ. ಟೀ ಕೊಟ್ಟರೆ ಕುಡಿಯಿರಿ. ಉತ್ತರ ಕೊಡುವ ತನಕ ಮೆಟ್ಟಿಲು ಬಿಟ್ಟು ಏಳಬೇಡಿ.